ಮೈಕ್ರೋಪಿಪೆಟ್
ಒಂದು ಮಿಲಿಲೀಟರಿನ ಸಾವಿರದ ಒಂದು ಭಾಗವಾದ ಮೈಕ್ರೋಲೀಟರ್ ಲೆಕ್ಕದಲ್ಲಿ ದ್ರವ ಅಳೆದು ಹಾಕುವ ಕೈ ಉಪಕರಣ. ಜರ್ಮನಿಯ ಮಾರ್ಬರ್ಗ್‌ನಲ್ಲಿ ಹೈನ್‌ರಿಶ್ ಶ್ನಿಟ್ಗರ್ 1957ರಲ್ಲಿ ಇದನ್ನು ರೂಪಿಸಿದರು; ಅಳತೆ ಬದಲಿಸಬಲ್ಲ ಮಾದರಿ 1970ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಿಂದ ಬಂತು.

ಗುಂಡಿಗೆ ಎರಡು ತಡೆಗಳಿವೆ. ಮೊದಲ ತಡೆಯವರೆಗೆ ಒತ್ತಿ, ಟಿಪ್ಪನ್ನು ನೆಟ್ಟಗೆ ಎರಡು-ಮೂರು ಮಿಲಿಮೀಟರ್ ಮಾತ್ರ ಮುಳುಗಿಸಿ, ನಿಧಾನವಾಗಿ ಬಿಡಬೇಕು. ಒಂದು ಕ್ಷಣ ತಡೆದು ಹೊರತೆಗೆಯಬೇಕು. ಸುರಿಯುವಾಗ ಟಿಪ್ಪನ್ನು ನಳಿಕೆಯ ಗೋಡೆಗೆ ತಾಗಿಸಿ ಎರಡನೆಯ ತಡೆಯವರೆಗೂ ಒತ್ತಬೇಕು. ಹೊಸಬರು ಹೀರುವಾಗಲೇ ಎರಡನೆಯ ತಡೆ ಮುಟ್ಟಿ ಹೆಚ್ಚು ದ್ರವ ಎಳೆದುಕೊಳ್ಳುವುದು ಎಲ್ಲೆಡೆ ಕಾಣುವ ತಪ್ಪು. ಗ್ಲಿಸರಾಲ್‌ನಂಥ ಮಂದ ದ್ರವಕ್ಕೆ ಮಾತ್ರ ಬೇಕೆಂದೇ ಹಾಗೆ ಮಾಡಿ, ಉಳಿದದ್ದನ್ನು ಟಿಪ್ಪಿನಲ್ಲೇ ಬಿಡುತ್ತಾರೆ.

ಬಯಲುಸೀಮೆಯ ಬೇಸಿಗೆಯಲ್ಲಿ ತಾಪಮಾನದ ಮೇಲೆ ಕಣ್ಣಿಡಬೇಕು. ಪಿಸ್ಟನ್ನಿಗೂ ದ್ರವಕ್ಕೂ ನಡುವೆ ಇರುವುದು ಗಾಳಿ; ಅದು ಬಿಸಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಸಾಮಾನ್ಯವಾಗಿ ಟಿಪ್ಪನ್ನು ಅದೇ ದ್ರವದಲ್ಲಿ ಒಂದೆರಡು ಸಲ ನೆನೆಸುವುದು ಒಳ್ಳೆಯದಾದರೂ, ಹಿಮದ ಮೇಲಿಟ್ಟ ಕಿಣ್ವವನ್ನು ಸೆಕೆಯ ಕೋಣೆಯಲ್ಲಿ ಅಳೆಯುವಾಗ ಅದು ಬೇಡ: ಪ್ರತಿ ಸಲ ಹೊಸ ಟಿಪ್ ಹಾಕಿ ಬೇಗ ಮುಗಿಸುವುದೇ ಮೇಲು. ತಕ್ಕಡಿಯಲ್ಲಿ ನಿಖರತೆ ಪರೀಕ್ಷಿಸುವಾಗಲೂ ಅಷ್ಟೇ: 1000 ಮೈಕ್ರೋಲೀಟರ್ ನೀರಿನ ದ್ರವ್ಯರಾಶಿ 20 ಡಿಗ್ರಿಯಲ್ಲಿ 998.2 ಮಿಲಿಗ್ರಾಂ, 35 ಡಿಗ್ರಿಯಲ್ಲಿ ಸುಮಾರು 994. ಇದನ್ನು ಸರಿದೂಗಿಸದೆ ಪಿಪೆಟ್ಟನ್ನು ದೂರುವುದು ಸಲ್ಲದು.