ನೀರಾ: ಶೇಖರಣೆಯಿಂದ ಮರದ ರಸದಲ್ಲಿ ಉಂಟಾಗುವ ರಾಸಾಯನಿಕ ಬದಲಾವಣೆಗಳು

ಪೀಠಿಕೆ

ಕೊಪ್ಪಳ ಜಿಲ್ಲೆಯು 1997 ರ ಆಗಸ್ಟ್ 24 ರಂದು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು, ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳೊಂದಿಗೆ ಅಸ್ತಿತ್ವಕ್ಕೆ ಬಂದಿತು. ಗಂಗಾವತಿ ಭಾಗದ ಭೂಮಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ದೊರೆಯುತ್ತಿದ್ದು, ಕುಷ್ಟಗಿ ಮತ್ತು ಯಲಬುರ್ಗಾ ಭಾಗಗಳು ಬಹುತೇಕ ಒಣ ಬೇಸಾಯವನ್ನು ಅವಲಂಬಿಸಿವೆ. ಈ ಬಿಸಿಲು ನಾಡಿನಲ್ಲಿ ತೆಂಗು ಅಥವಾ ಈಚಲು ಮರದಿಂದ ನೀರಾ ಇಳಿಸಲು ಅರ್ಜಿ ಸಲ್ಲಿಸಬಯಸುವವರು, ರಸವು ಮರದಿಂದ ಇಳಿದ ನಂತರ ಅದರಲ್ಲಿ ಆಗುವ ಬದಲಾವಣೆಗಳನ್ನು ಮೊದಲು ತಿಳಿದಿರುವುದು ಅವಶ್ಯಕ.

ನೀರಾ ಎಂದರೇನು?

ತೆಂಗಿನ ಅರಳದ ಹೊಂಬಾಳೆಯಿಂದ ಅಥವಾ ಈಚಲು ಮರದ ಸುಳಿಯ ಕೆಳಭಾಗದಲ್ಲಿ ಮಾಡಿದ ಕೊಯ್ತದಿಂದ ಒಸರುವ, ಹುಳಿಯದ ಸಿಹಿ ರಸವೇ ನೀರಾ. ತಾಜಾ ತೆಂಗಿನ ನೀರಾದಲ್ಲಿ ನೂರಕ್ಕೆ ಸುಮಾರು 10 ರಿಂದ 15 ರಷ್ಟು ಸಕ್ಕರೆ ಇದ್ದು, ಅದರ ಬಹುಭಾಗವು ಸುಕ್ರೋಸ್ ಆಗಿರುತ್ತದೆ. ಅದರ ಪಿ.ಹೆಚ್. ಮಟ್ಟವು 7 ರ ಆಸುಪಾಸಿನಲ್ಲಿರುತ್ತದೆ, ಅಂದರೆ ರಸವು ಆಮ್ಲೀಯವಾಗಿರುವುದಿಲ್ಲ. ಮದ್ಯಸಾರ ಇರುವುದಿಲ್ಲ.

ಶೇಖರಣೆಯ ಅವಧಿಯಲ್ಲಿ ಆಗುವ ಬದಲಾವಣೆಗಳು

ಗಾಳಿ, ಕೀಟ, ಕೊಯ್ತದ ಮೇಲ್ಮೈ ಹಾಗೂ ಹಿಂದಿನ ದಿನ ಬಳಸಿದ ಗಡಿಗೆಯ ಮೂಲಕ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳು ರಸವನ್ನು ಸೇರುತ್ತವೆ. ಆದ್ದರಿಂದ ಗಡಿಗೆಯು ಇನ್ನೂ ಮರದಲ್ಲಿರುವಾಗಲೇ ಹುಳಿಯುವಿಕೆ ಆರಂಭವಾಗುತ್ತದೆ. ಇದರ ಹಂತಗಳು ಒಂದರೊಡನೊಂದು ಬೆರೆತು ಸಾಗುತ್ತವೆ.

1. ಆಮ್ಲದ ಹಂತ: ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಸಕ್ಕರೆಯಿಂದ ಆಮ್ಲವನ್ನು ಉಂಟುಮಾಡುವುದರಿಂದ ಪಿ.ಹೆಚ್. ಇಳಿಯುತ್ತದೆ. ಇದೇ ವೇಳೆ ಇನ್ವರ್ಟೇಸ್ ಎಂಬ ಕಿಣ್ವವು ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳಾಗಿ ಒಡೆಯುತ್ತದೆ.

2. ಮದ್ಯಸಾರದ ಹಂತ: ಯೀಸ್ಟ್ ಈ ಸಕ್ಕರೆಗಳನ್ನು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಡಿಸುತ್ತದೆ. 100 ಗ್ರಾಂ ಗ್ಲೂಕೋಸ್‌ನಿಂದ ಲೆಕ್ಕಾಚಾರದಂತೆ ಗರಿಷ್ಠ 51 ಗ್ರಾಂ ಮದ್ಯಸಾರ ದೊರೆಯಬಹುದು. ಈ ಹಂತದಲ್ಲಿ ನೊರೆ ಕಾಣಿಸಿಕೊಂಡು, ರಸವು ಸೇಂದಿಯಾಗುತ್ತದೆ.

3. ವಿನೆಗರ್ ಹಂತ: ಇನ್ನಷ್ಟು ದಿನ ಗಾಳಿಗೆ ತೆರೆದಿಟ್ಟಲ್ಲಿ, ಅಸಿಟಿಕ್ ಬ್ಯಾಕ್ಟೀರಿಯಾಗಳು ಮದ್ಯಸಾರವನ್ನು ಅಸಿಟಿಕ್ ಆಮ್ಲವಾಗಿ ಪರಿವರ್ತಿಸುತ್ತವೆ.

ಉಷ್ಣತೆ ಹೆಚ್ಚಿದಷ್ಟೂ ಹುಳಿಯುವಿಕೆ ಬೇಗ ಸಾಗುತ್ತದೆ. ಬೇಸಿಗೆಯಲ್ಲಿ ಬೆಳಗಿನ ಜಾವ ಇಳಿಸಿದ ರಸವನ್ನು ಬಿಸಿಲೇರುವವರೆಗೆ ಹಾಗೆಯೇ ಬಿಡುವುದು ಸೂಕ್ತವಲ್ಲ.

ಸಂರಕ್ಷಣಾ ವಿಧಾನಗಳು

ಸುಣ್ಣ: ಗಡಿಗೆಯ ಒಳಮೈಗೆ ಸುಣ್ಣ ಬಳಿಯುವುದು ಸಾಂಪ್ರದಾಯಿಕ ವಿಧಾನ. ಸುಣ್ಣವು ಪಿ.ಹೆಚ್. ಅನ್ನು ಏರಿಸಿ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ಆದರೆ ಈಗಾಗಲೇ ಹುಳಿದ ರಸಕ್ಕೆ ಸುಣ್ಣ ಬೆರೆಸಿದಲ್ಲಿ ಆಮ್ಲ ತಗ್ಗುವುದೇ ಹೊರತು, ಒಡೆದ ಸುಕ್ರೋಸ್ ಮರಳಿ ಬರುವುದಿಲ್ಲ. ಇಂತಹ ರಸದಿಂದ ತಯಾರಿಸಿದ ಬೆಲ್ಲವು ಸರಿಯಾಗಿ ಗಟ್ಟಿಯಾಗದೆ ಜಿಗುಟಾಗಿ ಉಳಿಯುತ್ತದೆ.

ಶೀತಲೀಕರಣ: ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು, ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯಲ್ಲಿ ಮರದಲ್ಲಿಯೇ ರಸ ಸಂಗ್ರಹಿಸುವ ಪೆಟ್ಟಿಗೆಯನ್ನು ಅಭಿವೃದ್ಧಿಪಡಿಸಿದೆ. ಈ ರೀತಿ ಸುಣ್ಣವಿಲ್ಲದೆ ಪಡೆದ ರಸಕ್ಕೆ 'ಕಲ್ಪರಸ' ಎಂದು ಹೆಸರಿಡಲಾಗಿದೆ. ತಂಪು ಹುಳಿಯುವಿಕೆಯನ್ನು ನಿಧಾನಗೊಳಿಸುತ್ತದೆಯೇ ವಿನಾ ಸೂಕ್ಷ್ಮಜೀವಿಗಳನ್ನು ನಾಶಪಡಿಸುವುದಿಲ್ಲ. ಸಾಗಾಣಿಕೆಯಲ್ಲಿ ತಂಪು ತಪ್ಪಿದಲ್ಲಿ ಹುಳಿಯುವಿಕೆ ಪುನಃ ಚುರುಕಾಗುತ್ತದೆ.

ಪಾಶ್ಚರೀಕರಣ: ಸೋಸಿದ ತಾಜಾ ರಸವನ್ನು ನಿಯಂತ್ರಿತ ಉಷ್ಣದಲ್ಲಿ ಕಾಯಿಸಿ ಶುದ್ಧ ಬಾಟಲಿಗಳಲ್ಲಿ ತುಂಬಲಾಗುತ್ತದೆ. ಹುಳಿಯುತ್ತಿರುವ ರಸವನ್ನು ಬಿಗಿಯಾಗಿ ಮುಚ್ಚಿದಲ್ಲಿ ಅನಿಲದ ಒತ್ತಡದಿಂದ ಬಾಟಲಿ ಸಿಡಿಯುವ ಸಂಭವವಿರುತ್ತದೆ.

ಆರೋಗ್ಯದ ದೃಷ್ಟಿಯಿಂದ

ಬಾವಲಿಗಳಿಂದ ಮಲಿನಗೊಂಡ ಹಸಿ ಈಚಲ ರಸದ ಸೇವನೆಗೂ ನಿಪಾ ಸೋಂಕಿಗೂ ಇರುವ ಸಂಬಂಧವು ಬಾಂಗ್ಲಾದೇಶದ ಟಾಂಗೈಲ್ ಜಿಲ್ಲೆಯಲ್ಲಿ 2004-05 ರಲ್ಲಿ ಕಂಡುಬಂದ ಪ್ರಕರಣಗಳ ತನಿಖೆಯಿಂದ ತಿಳಿದುಬಂದಿದೆ. ತಂಪಾಗಿಡುವುದರಿಂದ ಈ ವೈರಾಣು ನಾಶವಾಗುವುದಿಲ್ಲವಾದ ಕಾರಣ, ಕೊಯ್ತದ ಭಾಗವನ್ನೂ ಗಡಿಗೆಯ ಬಾಯಿಯನ್ನೂ ಕಡ್ಡಾಯವಾಗಿ ಮುಚ್ಚತಕ್ಕದ್ದು.

ಅರ್ಜಿದಾರರ ಗಮನಕ್ಕೆ

* ತೆಂಗು, ಈಚಲು ಮುಂತಾದ ಮರಗಳಿಂದ ರಸ ಇಳಿಸುವುದು ಕರ್ನಾಟಕ ಅಬಕಾರಿ ಅಧಿನಿಯಮ, 1965 ರ ವ್ಯಾಪ್ತಿಗೆ ಒಳಪಡುತ್ತದೆ. ಪರವಾನಗಿ ಪಡೆಯುವ ಮೊದಲು ರಸ ಇಳಿಸಬಾರದು.
* ನೀರಾ ಸಂಸ್ಕರಣೆ ಮತ್ತು ಮಾರಾಟಕ್ಕೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006 ರಡಿ ನೋಂದಣಿ ಅಥವಾ ಪರವಾನಗಿ ಪ್ರತ್ಯೇಕವಾಗಿ ಅಗತ್ಯ.
* ತೋಟದಿಂದ ಸಂಸ್ಕರಣಾ ಘಟಕಕ್ಕೆ ತಲುಪಲು ಬೇಕಾಗುವ ಸಮಯ, ಮಂಜುಗಡ್ಡೆಯ ಲಭ್ಯತೆ ಮತ್ತು ವಿದ್ಯುತ್ ಪೂರೈಕೆಯನ್ನು ಅರ್ಜಿಗೆ ಮುನ್ನವೇ ಪರಿಶೀಲಿಸಿಕೊಳ್ಳುವುದು ಸೂಕ್ತ.
* ಪ್ರತಿ ಸಂಗ್ರಹಣೆಯ ದಿನಾಂಕ, ವೇಳೆ, ಉಷ್ಣತೆ ಹಾಗೂ ಪಿ.ಹೆಚ್. ಅನ್ನು ವಹಿಯಲ್ಲಿ ದಾಖಲಿಸುವುದು ಉತ್ತಮ. ನೀರಾ ಎಂದು ತುಂಬಿದ ಬಾಟಲಿಯಲ್ಲಿ ಮದ್ಯಸಾರ ಉಂಟಾದಲ್ಲಿ ಅದು ನೀರಾ ಆಗಿ ಉಳಿಯುವುದಿಲ್ಲ. ಇಂತಹ ಸಂದರ್ಭದಲ್ಲಿ ಲೋಪ ಎಲ್ಲಿ ಆಯಿತೆಂಬುದನ್ನು ಗುರುತಿಸಲು ಸದರಿ ದಾಖಲೆ ನೆರವಾಗುತ್ತದೆ.

ಹೆಚ್ಚಿನ ಮಾಹಿತಿಗಾಗಿ ಜಿಲ್ಲಾ ಅಬಕಾರಿ ಕಚೇರಿಯನ್ನು ಹಾಗೂ ಬೆಳೆಗೆ ಸಂಬಂಧಿಸಿದ ತಾಂತ್ರಿಕ ಸಲಹೆಗಾಗಿ ಆಯಾ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.