ಕಟಕಟೆಯಿಂದ ಕೂಟದವರೆಗೆ: ಆಟಿಸಂ ಮಕ್ಕಳ ಹೆತ್ತವರು ನಡೆದ ಹಾದಿ

ಆಟಿಸಂ ಇರುವ ಮಕ್ಕಳ ಹೆತ್ತವರು ಮೊದಮೊದಲು ಒಂದೆಡೆ ಸೇರಿದ್ದು ದುಃಖ ಹಂಚಿಕೊಳ್ಳಲು ಮಾತ್ರವಲ್ಲ, ತಮ್ಮ ಮೇಲಿದ್ದ ಆರೋಪದಿಂದ ಬಿಡಿಸಿಕೊಳ್ಳಲು ಕೂಡ. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಗಮನಿಸಿ ಈ ಸ್ಥಿತಿಯನ್ನು ವಿವರಿಸಿದರು. ಇದು ಹುಟ್ಟಿನಿಂದಲೇ ಬಂದದ್ದು ಎಂದು ಬರೆದ ಅವರೇ, ಈ ಮಕ್ಕಳ ಹೆತ್ತವರಲ್ಲಿ ಅಕ್ಕರೆ ತೋರುವವರು ಕಡಿಮೆ ಎಂದೂ ಸೇರಿಸಿದ್ದರು. ಮುಂದಿನ ಎರಡು ದಶಕಗಳಲ್ಲಿ ಬೆಳೆದು ಹೆಮ್ಮರವಾದದ್ದು ಆ ಎರಡನೆಯ ಮಾತು. ತಾಯಿಗೆ ಅಕ್ಕರೆ ಇಲ್ಲದ್ದರಿಂದಲೇ ಮಗು ಹೀಗಾಯಿತು ಎಂಬ ವಾದವನ್ನು ಷಿಕಾಗೋದ ಬ್ರೂನೋ ಬೆಟಲ್‌ಹೈಮ್ 1967ರ ಪುಸ್ತಕದಲ್ಲಿ ಮನೆಮನೆಗೆ ಮುಟ್ಟಿಸಿದರು. ಮಗುವನ್ನು ಮನೆಯಿಂದ ದೂರ ಇಡುವುದೇ ಅವರ ಪ್ರಕಾರ ಚಿಕಿತ್ಸೆ.

ಅಷ್ಟರಲ್ಲಾಗಲೇ ಹೆತ್ತವರು ಸುಮ್ಮನೆ ಕೂತಿರಲಿಲ್ಲ. 1962ರಲ್ಲಿ ಲಂಡನ್ನಿನ ಕೆಲವು ತಂದೆತಾಯಂದಿರು ಸಂಘ ಕಟ್ಟಿದರು. ಸ್ವತಃ ಆಟಿಸಂ ಇರುವ ಮಗಳ ತಾಯಿಯಾಗಿದ್ದ ಮನೋವೈದ್ಯೆ ಲೋರ್ನಾ ವಿಂಗ್ ಅವರಲ್ಲೊಬ್ಬರು. ಮೂರೇ ವರ್ಷದಲ್ಲಿ ಆ ಸಂಘ ತನ್ನದೇ ಶಾಲೆ ತೆರೆಯಿತು. ಅಮೆರಿಕದಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞ, ಅವರೂ ಇಂಥ ಮಗುವಿನ ತಂದೆಯೇ, ಕಾರಣ ಮಿದುಳಿನಲ್ಲಿದೆ, ತಾಯಿಯಲ್ಲಿಲ್ಲ ಎಂದು 1964ರಲ್ಲಿ ಪುಸ್ತಕ ಬರೆದರು. ಮರುವರ್ಷ ಹೆತ್ತವರ ರಾಷ್ಟ್ರೀಯ ಸಂಘ ಹುಟ್ಟಿತು. 1969ರಲ್ಲಿ ಅದರ ಸಭೆಗೆ ಬಂದ ಕ್ಯಾನರ್, ನೀವು ನಿರ್ದೋಷಿಗಳು ಎಂದು ಎದುರಿಗೇ ಹೇಳಬೇಕಾಯಿತು.

ಆರೋಪ ಕಳಚಿದ ಹೆಗಲಿಗೆ ಕೆಲಸ ಏರಿತು. ಅಮೆರಿಕದ ನಾರ್ತ್ ಕರೋಲಿನಾದಲ್ಲಿ ಎರಿಕ್ ಷಾಪ್ಲರ್ ರೂಪಿಸಿದ ‘ಟೀಚ್’ ಕಾರ್ಯಕ್ರಮ 1972ರಿಂದ ಸರ್ಕಾರದ ಬೆಂಬಲದಲ್ಲಿ ನಡೆಯಿತು. ಅದು ಹೆತ್ತವರನ್ನು ಚಿಕಿತ್ಸಕರ ಜೊತೆಗಾರರನ್ನಾಗಿ ಮಾಡಿತು. ದೂಷಣೆಗೆ ಹೋಲಿಸಿದರೆ ಇದು ದೊಡ್ಡ ಮರ್ಯಾದೆ. ಆದರೆ ಮಗುವಿನ ಪ್ರಗತಿಯ ಲೆಕ್ಕ ತಾಯಿಯ ಹೆಸರಿಗೆ ಬರೆಯುವ ಪದ್ಧತಿಯೂ ಇಲ್ಲಿಂದಲೇ ಗಟ್ಟಿಯಾಯಿತು.

ಭಾರತದಲ್ಲಿ ಈ ಹಾದಿ ತಡವಾಗಿ ತೆರೆಯಿತು. 1991ರಲ್ಲಿ ದೆಹಲಿಯಲ್ಲಿ, ಆಟಿಸಂ ಇರುವ ಮಗುವಿನ ತಾಯಿ ಮೆರಿ ಬರುವಾ ‘ಆಕ್ಷನ್ ಫಾರ್ ಆಟಿಸಂ’ ಕಟ್ಟಿದರು. ಅಲ್ಲಿ ಹೆತ್ತವರು ಮಗುವಿನೊಂದಿಗೆ ಮೂರು ತಿಂಗಳು ಕಲಿಯುವ ತರಬೇತಿ ಬಂತು. ಅದರ ಕುರಿತ 2015ರ ಅಧ್ಯಯನವೊಂದು, ತರಬೇತಿಯ ನಂತರ ಹೆತ್ತವರ ಮಾತಿನಲ್ಲಿ ‘ಮಗು ಎಲ್ಲರಂತಾಗಬೇಕು’ ಎಂಬ ಚಿಂತೆ ತಗ್ಗಿದ್ದನ್ನು ಗುರುತಿಸಿತು. ಬೆಂಗಳೂರಿನಲ್ಲಿ 1995ರಲ್ಲಿ ಜಯಶ್ರೀ ರಮೇಶ್ ಅವರ ‘ಆಶಾ’ ಸಂಸ್ಥೆ ಶುರುವಾಯಿತು. ಮಾತಿನ ತೊಂದರೆಗಳ ತಜ್ಞೆ ಪ್ರತಿಭಾ ಕಾರಂತ ‘ಕಾಮ್ ಡೀಲ್’ ಎಂಬ ಚಿಕಿತ್ಸಾ ಕಾರ್ಯಕ್ರಮ ರೂಪಿಸಿದರು. ಬೌದ್ಧಿಕ ಅಸಾಮರ್ಥ್ಯ, ಆಟಿಸಂ ಮುಂತಾದವು ಇರುವವರ ಹೆತ್ತವರ ಸಂಘಗಳ ರಾಷ್ಟ್ರೀಯ ಒಕ್ಕೂಟ ‘ಪರಿವಾರ್’ ಕೂಡ ಬೆಂಗಳೂರನ್ನೇ ನೆಲೆ ಮಾಡಿಕೊಂಡಿತು.

ಕಾನೂನು ಇವರ ಹಿಂದೆ ಬಂತು. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲೇ ಇಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಹೆಸರಿಸಿ, ಮಂಡಳಿಯಲ್ಲಿ ಹೆತ್ತವರ ಸಂಘಗಳಿಗೂ ಜಾಗ ಕೊಟ್ಟಿತು. 18 ದಾಟಿದವರಿಗೆ ಕಾನೂನುಬದ್ಧ ಪಾಲಕರನ್ನು ನೇಮಿಸುವ ಸ್ಥಳೀಯ ಸಮಿತಿಗಳು ಬಂದವು. 2016ರ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು.

ತಜ್ಞರು ಸಾಲದ ಊರುಗಳಿಗೆ ಏನು ದಾರಿ? ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು ತಾಯಿ–ಮಗುವಿನ ಆಟವನ್ನು ವಿಡಿಯೋ ಮಾಡಿ, ಜೊತೆಗೆ ಕೂತು ನೋಡಿ ಚರ್ಚಿಸಿದರು. ಮಗುವಿನ ಸೂಚನೆಗೆ ಹೆತ್ತವರು ಸ್ಪಂದಿಸುವ ರೀತಿ ಸುಧಾರಿಸಿತು, ಮಗು ತಾನಾಗಿ ಸಂಪರ್ಕಕ್ಕೆ ಬರುವುದೂ ಹೆಚ್ಚಿತು. ವೆಲ್ಲೂರಿನ 1999ರ ಅಧ್ಯಯನ ಬೇರೆಯದೇ ಬಾಗಿಲು ತೆರೆದಿತ್ತು: ಬೌದ್ಧಿಕ ಅಸಾಮರ್ಥ್ಯದ ಮಕ್ಕಳ ಹೆತ್ತವರು ಗುಂಪಾಗಿ ಕೂತು ಮಾತಾಡಿ ಕಲಿತಾಗ, ಮಗುವಿನ ಬಗೆಗಿನ ಅವರ ಧೋರಣೆಯೇ ಬದಲಾಗಿತ್ತು.

ಇವೆರಡರಲ್ಲಿ ನಾವು ಹೆಚ್ಚು ನೆಚ್ಚಿರುವುದು ಮೊದಲನೆಯದನ್ನು, ಅಂದರೆ ಹೆತ್ತವರ ಕೈಗೇ ಚಿಕಿತ್ಸೆ ಕೊಡುವುದನ್ನು. ಕೆಲಸ ಬಿಟ್ಟು ಥೆರಪಿಯಿಂದ ಥೆರಪಿಗೆ ಓಡುವ ಅಮ್ಮ, ಮನೆಯಲ್ಲಿ ಮತ್ತೆ ಹೋಂವರ್ಕ್ ಮಾಡಿಸುವ ಅಮ್ಮ. ‘ಮಾತು ತಡ ಅಷ್ಟೇ, ನೀನೇ ಜಾಸ್ತಿ ತಲೆ ಕೆಡಿಸ್ಕೋತೀಯ’ ಎಂಬ ಮನೆಯವರ ಮಾತೂ ಅವಳಿಗೇ. ಅಂದು ತಾಯಿಯೇ ಕಾರಣ ಎಂದೆವು, ಇಂದು ತಾಯಿಯೇ ಔಷಧ ಎನ್ನುತ್ತಿದ್ದೇವೆ. ಎರಡೂ ಸಲ ಹೊರೆ ಹೋದದ್ದು ಒಂದೇ ಹೆಗಲಿಗೆ.

1993ರಲ್ಲಿ ಜಿಮ್ ಸಿಂಕ್ಲೇರ್ ಎಂಬ ಆಟಿಸಂ ಇರುವ ವ್ಯಕ್ತಿ ಹೆತ್ತವರಿಗೆ ಬರೆದ ಪ್ರಬಂಧ, ಎದುರಿಗೇ ಬದುಕಿರುವ ಮಗುವಿಗಾಗಿ ಶೋಕಿಸಬೇಡಿ ಎಂದು ಕೇಳಿತು. ಆಟಿಸಂ ಇರುವ ದೊಡ್ಡವರು ಹೆತ್ತವರ ಕೂಟಕ್ಕೆ ಬಂದಾಗ ಮಗುವನ್ನು ತಿದ್ದುವ ಆತುರ ಇಳಿಯುತ್ತದೆ. ಉಳಿಯುವ ಪ್ರಶ್ನೆ ‘ನಾವು ಹೋದ ಮೇಲೆ ಇವನಿಗೆ ಯಾರು?’ ಎಂಬುದು. ರಾಷ್ಟ್ರೀಯ ನ್ಯಾಸವು ಹೆತ್ತವರಿಗೆ ಕೆಲಕಾಲ ಬಿಡುವು ಕೊಡುವ ವಿರಾಮ ಆರೈಕೆಗೆ ‘ಸಮರ್ಥ್’, ವಸತಿಗೆ ‘ಘರೌಂದಾ’ ಎಂಬ ಯೋಜನೆಗಳನ್ನು ರೂಪಿಸಿತು. ಅವು ತಾಲ್ಲೂಕಿಗೆ ಮುಟ್ಟಬೇಕು. ಹೆತ್ತವರಿಗೆ ಎಷ್ಟು ಕಲಿಸಿದೆವು ಎನ್ನುವುದರ ಜೊತೆಗೆ, ಅವರ ಕೈಯಿಂದ ಎಷ್ಟು ಗಂಟೆಯ ಕೆಲಸ ನಾವು ಇಸಿದುಕೊಂಡೆವು ಎಂಬ ಲೆಕ್ಕವನ್ನೂ ಇನ್ನು ಮುಂದೆ ಬರೆದಿಡಬೇಕು.