ತಲೆಕೆಳಗಾಗಿ ತೂಗುವವನು
ವಿಸ್ಕೊಂಟಿ–ಸ್ಫೋರ್ಜಾ ಟ್ಯಾರೋ ಎಲೆ, ಮಿಲಾನ್, ಸುಮಾರು 1450

ಒಂದು ಕಾಲಿಗೆ ಕುಣಿಕೆ, ಇನ್ನೊಂದು ಕಾಲು ಮಡಿಚಿದೆ, ಕೈಗಳು ಬೆನ್ನ ಹಿಂದೆ. ಆದರೂ ಮುಖದಲ್ಲಿ ಸಂಕಟದ ಸುಳಿವಿಲ್ಲ. ಹೊನ್ನಿನ ಹಿನ್ನೆಲೆಯ ಮುಂದೆ ಈ ಯುವಕ ಬಾವಲಿಯಷ್ಟೇ ನಿರಾಳವಾಗಿ ತೂಗುತ್ತಿದ್ದಾನೆ.

ಇಂದು ಭವಿಷ್ಯ ಹೇಳುವವರ ಮೇಜಿನ ಮೇಲೆ ಕಾಣುವ ಟ್ಯಾರೋ ಹುಟ್ಟಿದ್ದು ಬರೀ ಆಟಕ್ಕಾಗಿ. ಇದು ಅದರ ತುರುಫಿನ ಎಲೆಗಳಲ್ಲೊಂದು. ಆಗಿನ ಇಟಲಿಯಲ್ಲಿ ಇದರ ಹೆಸರು ‘ದ್ರೋಹಿ’. ಕೈಗೆ ಸಿಗದ ದ್ರೋಹಿಗಳನ್ನು ಹೀಗೆ ಒಂಟಿಕಾಲಿನಲ್ಲಿ ನೇತುಹಾಕಿದಂತೆ ಊರ ಗೋಡೆಗಳ ಮೇಲೆ ಚಿತ್ರ ಬರೆಸಿ ಮಾನ ಕಳೆಯುವುದು ಅಲ್ಲಿನ ರೂಢಿ. 1412ರಲ್ಲಿ ರೋಮ್‌ನಲ್ಲಿ ಹಾಗೆ ಚಿತ್ರವಾದವನು ಸೇನಾನಿ ಮುತ್ಸಿಯೋ ಅತ್ತೆಂದೊಲೊ ಸ್ಫೋರ್ಜಾ. ಈ ಎಲೆಗಳು ಸೇರಿದ್ದು ಅವನ ಮಗ, ಮಿಲಾನಿನ ದೊರೆ ಫ್ರಾಂಚೆಸ್ಕೊನ ಅರಮನೆಗೆ! ಆಟದ ನಡುವೆ ಈ ಎಲೆ ಕೈಗೆ ಬಂದಾಗ ದೊರೆಗೆ ಅಪ್ಪ ನೆನಪಾಗುತ್ತಿದ್ದನೋ ಏನೋ.

1781ರಲ್ಲಿ ಫ್ರೆಂಚ್ ಪಂಡಿತ ಕೂರ್ ದ ಜೆಬ್ಲಾಂ, ಅಚ್ಚಿನವರು ಚಿತ್ರವನ್ನೇ ಉಲ್ಟಾ ಮಾಡಿದ್ದಾರೆಂದು ವಾದಿಸಿದ. ನೆಟ್ಟಗೆ ತಿರುಗಿಸಿ, ಹೆಜ್ಜೆ ಇಡುವ ಮುನ್ನ ಯೋಚಿಸುವ ‘ವಿವೇಕ’ ಇದು ಎಂದುಬಿಟ್ಟ. ಜಾಣತನವೇನೋ ಹೌದು, ಆಧಾರ ಮಾತ್ರ ಇರಲಿಲ್ಲ.

1909ರಲ್ಲಿ ಲಂಡನ್ನಿನಲ್ಲಿ ಬಂದ ಎಲೆಯಲ್ಲಿ ಕಲಾವಿದೆ ಪಮೇಲಾ ಕೋಲ್ಮನ್ ಸ್ಮಿತ್ ತೂಗುವವನ ತಲೆಯ ಸುತ್ತ ಪ್ರಭಾವಳಿ ಬರೆದರು, ಗಲ್ಲುಮರಕ್ಕೆ ಎಲೆ ಚಿಗುರಿಸಿದರು. ದ್ರೋಹಿ ತಪಸ್ವಿಯಾದ. ಟ್ಯಾರೋ ಓದುವವರಿಗೆ ಈಗ ಅವನು ತಾನಾಗಿ ಒಪ್ಪಿಕೊಂಡ ತ್ಯಾಗ, ತಡೆದು ನಿಂತ ಹೊತ್ತು, ಬದಲಾದ ನೋಟ.

ವಿಸ್ಕೊಂಟಿ–ಸ್ಫೋರ್ಜಾ ಕಟ್ಟಿನಲ್ಲಿ ಉಳಿದಿರುವ 74 ಎಲೆಗಳು ನ್ಯೂಯಾರ್ಕಿನ ಮೋರ್ಗನ್ ಗ್ರಂಥಾಲಯ, ಬೆರ್ಗಾಮೊದ ಕರ್ರಾರಾ ಅಕಾಡೆಮಿ ಹಾಗೂ ಒಂದು ಖಾಸಗಿ ಸಂಗ್ರಹದಲ್ಲಿ ಹಂಚಿಹೋಗಿವೆ.